ಬಂಡೆಯ ಜಾಯಿಂಟ್ ಅಳೆಯಲು ಲೇಸರ್ ಸ್ಕ್ಯಾನರೋ, ಡ್ರೋನೋ, ಫೋನೋ?

ರಸ್ತೆಗಾಗಿ ಕಡಿದ ಗುಡ್ಡವಿರಲಿ, ಕಲ್ಲುಗಣಿಯಿರಲಿ, ಬಂಡೆ ಜಾರುತ್ತದೋ ಇಲ್ಲವೋ ಎಂಬ ಲೆಕ್ಕ ಶುರುವಾಗುವುದು ಜಾಯಿಂಟ್‌ಗಳ, ಅಂದರೆ ಬಂಡೆಯೊಳಗಿನ ಬಿರುಕುಗಳ, ಡಿಪ್ (ಎಷ್ಟು ಡಿಗ್ರಿ ಓರೆ) ಮತ್ತು ಡಿಪ್ ದಿಕ್ಕಿನಿಂದ (ಯಾವ ಕಡೆಗೆ ಓರೆ). ಕಂಪಾಸ್ ಕೈಗೆಟುಕುವ ಎತ್ತರಕ್ಕಷ್ಟೇ ಸಾಕು. ಸಂಡೂರು, ಬಾಬಾಬುಡನ್‌ಗಿರಿಯ ಕಬ್ಬಿಣದ ಪದರಗಳಲ್ಲಿ ಮ್ಯಾಗ್ನೆಟೈಟ್ (ಕಾಂತೀಯ ಕಬ್ಬಿಣದ ಅದಿರು) ಇರುವ ಕಡೆ ಅದರ ಮುಳ್ಳನ್ನೂ ನಂಬುವಂತಿಲ್ಲ.

ಫೋನಿನ ಮಾತು ಬೇಗ ಮುಗಿಯುತ್ತದೆ. ಐಫೋನ್ 12 ಪ್ರೊದಿಂದ ಬಂದ ಲೈಡಾರ್ (ಲೇಸರ್‌ನಿಂದ ದೂರ ಅಳೆಯುವ ಸಂವೇದಕ) ನೋಡುವುದು ಸುಮಾರು 5 ಮೀಟರ್ ದೂರಕ್ಕೆ. ಚಿಕ್ಕ ಬಂಡೆಗೆ ಸೊಗಸಾಗಿದೆ. ಉದ್ದಕ್ಕೆ ನಡೆಯುತ್ತಾ ಹೋದರೆ ಅದು ಕಟ್ಟುವ 3ಡಿ ಮಾದರಿ ಬಾಗುತ್ತದೆ. ಉತ್ತರ ದಿಕ್ಕನ್ನೂ ಅದು ಸರಿಯಾಗಿ ಹಿಡಿಯುವುದಿಲ್ಲ. ಸ್ಟ್ರೈಕ್ (ಓರೆ ಮೈಯ ಮೇಲಿನ ಮಟ್ಟಸ ಗೆರೆಯ ದಿಕ್ಕು) ಗೊತ್ತಿರುವ ಚಪ್ಪಟೆ ಹಲಗೆಯೊಂದನ್ನು ಚೌಕಟ್ಟಿನೊಳಗೇ ಇಟ್ಟು ಸ್ಕ್ಯಾನ್ ಮಾಡಿ, ಆಮೇಲೆ ತಿರುಗಿಸಿಕೊಳ್ಳಬೇಕು.

ಟ್ರೈಪಾಡ್ ಸ್ಕ್ಯಾನರ್ 50 ಮೀಟರ್ ದೂರದಿಂದಲೂ ಕೆಲವೇ ಮಿಲಿಮೀಟರ್ ನಿಖರತೆ ಕೊಡುತ್ತದೆ. ಬಿಂದುಗಳ ಅಂತರ 1 ಸೆಂ.ಮೀ. ಇಟ್ಟರೆ ಜಾಯಿಂಟ್ ಕೆಲಸಕ್ಕೆ ಧಾರಾಳ. ಕಾಡುವುದು ನೆರಳು. ಕಿರಣಕ್ಕೆ ಸಮಾನಾಂತರವಾಗಿರುವ ಜಾಯಿಂಟ್ ಮುಖ ಕಾಣುವುದೇ ಇಲ್ಲ; ಕೆಳಗಿನಿಂದ ನೋಡಿದರೆ ಮೇಲಿನ ಮೆಟ್ಟಿಲುಗಳ ಚಪ್ಪಟೆ ಮೈಯೂ ತಪ್ಪಿಹೋಗುತ್ತದೆ. ಸ್ಟೀರಿಯೊನೆಟ್‌ನಲ್ಲಿ (ದಿಕ್ಕು, ಓರೆಗಳನ್ನು ಗುರುತಿಸುವ ವೃತ್ತಾಕಾರದ ನಕ್ಷೆ) ಆ ಸೆಟ್ (ಒಂದೇ ದಿಕ್ಕಿನ ಜಾಯಿಂಟ್‌ಗಳ ಗುಂಪು) ಇಲ್ಲವೆಂದೇ ಅನಿಸುತ್ತದೆ, ಅಪಾಯ ಇರುವುದೇ ಅಲ್ಲಿ. ಎದುರಿನಿಂದೊಂದು, ಎಡಬಲಗಳಿಂದ ಓರೆಯಾಗಿ ಒಂದೊಂದು, ಹೀಗೆ ಕನಿಷ್ಠ ಮೂರು ನಿಲ್ದಾಣ ಬೇಕು. ನಡುವೆ ಮೂರನೇ ಒಂದು ಭಾಗದಷ್ಟು ಅತಿವ್ಯಾಪ್ತಿ ಇರಲಿ. 1550 ನ್ಯಾನೊಮೀಟರ್ ಲೇಸರ್ ಅನ್ನು ನೀರು ಹೀರಿಕೊಳ್ಳುವುದರಿಂದ ಒದ್ದೆ ಬಂಡೆಯಲ್ಲಿ ತೂತುಗಳು ಬೀಳುತ್ತವೆ. ಚಾಮರಾಜನಗರದ ಕಪ್ಪು ಕಲ್ಲಿನಂಥ ಕಡುಬಣ್ಣದಲ್ಲಿ ಇದು ಇನ್ನೂ ಹೆಚ್ಚು.

ಡ್ರೋನ್ ಈ ನೆರಳನ್ನು ಮೇಲಿನಿಂದ ನೋಡಿ ತುಂಬಿಸುತ್ತದೆ. ಅದು ತೆಗೆದ ಚಿತ್ರಗಳನ್ನು ಜೋಡಿಸಿಯೇ ಮಾದರಿ ಕಟ್ಟುವುದು. ಹಾರಾಟದ ದಿಕ್ಕಿನಲ್ಲಿ 80, ಪಕ್ಕಕ್ಕೆ 70 ಪ್ರತಿಶತ ಅತಿವ್ಯಾಪ್ತಿ ಇಡಿ. ಎಲ್ಲ ಚಿತ್ರಗಳನ್ನೂ ಒಂದೇ ಕೋನದಲ್ಲಿ ತೆಗೆದರೆ ಚಪ್ಪಟೆ ಬಂಡೆಯೂ ಬೋಗುಣಿಯಂತೆ ಬಾಗುತ್ತದೆ. 20–30 ಡಿಗ್ರಿ ಓರೆಯಾಗಿ ಇನ್ನೊಂದು ಸುತ್ತು ಹಾರಿಸಿದರೆ ಬಹುಪಾಲು ಸರಿಹೋಗುತ್ತದೆ. ಕಂಟ್ರೋಲ್ ಪಾಯಿಂಟ್‌ಗಳನ್ನೆಲ್ಲ (ಸ್ಥಾನವನ್ನು ನಿಖರವಾಗಿ ಅಳೆದ ಗುರುತುಗಳು) ಬುಡದಲ್ಲಿ ಸಾಲಾಗಿ ಹಾಕುವ ಅಭ್ಯಾಸ ಬಿಡಬೇಕು. ಆ ಸಾಲನ್ನೇ ಅಚ್ಚಾಗಿಸಿಕೊಂಡು ಇಡೀ ಮಾದರಿ ವಾಲಬಹುದು, ಎಲ್ಲ ಡಿಪ್‌ಗಳೂ ಒಟ್ಟಿಗೆ ತಪ್ಪುತ್ತವೆ. ಎರಡನ್ನಾದರೂ ಬಂಡೆಯ ನೆತ್ತಿಯ ಮೇಲಿಡಿ.

ಮುಂದಿನದು, ಬಿಂದುಗಳಿಂದ ಜಾಯಿಂಟ್ ಮುಖ ಹುಡುಕುವುದು, ಕ್ಲೌಡ್‌ಕಂಪೇರ್ ತಂತ್ರಾಂಶದ ಕೆಲಸ. 1 ಸೆಂ.ಮೀ. ಅಂತರದ ಬಿಂದುಗಳಿಗೆ ನಾರ್ಮಲ್ ತ್ರಿಜ್ಯವನ್ನು (ಒಂದು ಬಿಂದುವಿನ ಬಳಿ ಮೈ ಎತ್ತ ಮುಖಮಾಡಿದೆ ಎಂದು ತಿಳಿಯಲು ಸುತ್ತ ನೋಡುವ ದೂರ) 10–15 ಸೆಂ.ಮೀ. ಇಟ್ಟು ಆರಂಭಿಸಬಹುದು. ತೀರಾ ಕಡಿಮೆಯಾದರೆ ಕಲ್ಲಿನ ಒರಟುತನವೇ ಜಾಯಿಂಟ್ ಎನಿಸಿಕೊಳ್ಳುತ್ತದೆ. ಹೆಚ್ಚಾದರೆ ಅಂಚುಗಳು ದುಂಡಗಾಗಿ, ಇಲ್ಲದ ಸೆಟ್ ಹುಟ್ಟುತ್ತದೆ.

ವೈರ್ ಸಾದಿಂದ (ತಂತಿ ಗರಗಸ) ಕೊಯ್ದ ಗ್ರಾನೈಟ್ ಗೋಡೆಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಜಾಯಿಂಟ್ ಮುಖವೇ ತೆರೆದಿರುವುದಿಲ್ಲ, ಗೆರೆಯಷ್ಟೇ ಕಾಣುತ್ತದೆ. ಡ್ರೋನ್‌ನ ಬಣ್ಣದ ಚಿತ್ರ ಆ ಗೆರೆ ತೋರಿಸುತ್ತದೆ, ಸ್ಕ್ಯಾನರ್‌ನ ಜ್ಯಾಮಿತಿ ತೋರಿಸುವುದಿಲ್ಲ. ಆದರೆ ಗೆರೆ ಮೂಲೆ ತಿರುಗಿ ಪಕ್ಕದ ಗೋಡೆಗೂ ಹರಿದಿದ್ದರೆ ಮಾತ್ರ ಸಮತಲ ಕಟ್ಟಿ. ಒಂದೇ ಸರಳರೇಖೆಯ ಮೇಲಿನ ಬಿಂದುಗಳಿಂದ ಬರುವ ಡಿಪ್‌ಗೆ ಬೆಲೆಯಿಲ್ಲ.

ದಿಕ್ಕು, ಓರೆಯಷ್ಟೇ ಬೇಕಿದ್ದರೆ ನಮ್ಮ ಆಯ್ಕೆ ಡ್ರೋನ್. ಸುರಂಗ, ಪೊದೆ ಮುಚ್ಚಿದ ಇಳಿಜಾರು, ಮಿಲಿಮೀಟರ್ ಲೆಕ್ಕದ ಜರುಗುವಿಕೆ, ಇವಕ್ಕೆ ಸ್ಕ್ಯಾನರ್ ಬಿಟ್ಟರೆ ಗತಿಯಿಲ್ಲ. ಯಾವುದನ್ನು ಬಳಸಿದರೂ, ಮ್ಯಾಗ್ನೆಟೈಟ್ ಇಲ್ಲದ ಕಡೆ, ಬುಡದ ಐದಾರು ಮುಖಗಳನ್ನು ಕಂಪಾಸ್‌ನಿಂದ ಅಳೆದು ಹೋಲಿಸಿ. ಎಲ್ಲದರಲ್ಲೂ ಒಂದೇ ಅಳತೆಯ ದಿಕ್ಕಿನ ವ್ಯತ್ಯಾಸ ಬಂದರೆ ಮಾದರಿಯ ಉತ್ತರ ತಪ್ಪಿದೆ; ಅಡ್ಡಾದಿಡ್ಡಿ ಬಂದರೆ ನಾರ್ಮಲ್ ತ್ರಿಜ್ಯವನ್ನು ಮತ್ತೆ ನೋಡಿ.