8 ಅಡಿ ಮರದ ದೋಣಿ, 6 ಎಚ್‌ಪಿ ಮೋಟಾರು: ನಾಲ್ಕು ಬೇಸಿಗೆ ಓಡಿಸಿದ ಮೇಲೆ

ಈ ರೇಸಿನ ದೋಣಿ ಕಟ್ಟಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವ ಮೊದಲ ಮಾತು ಇಷ್ಟೇ: ಒಂದು ಒಳ್ಳೆಯ ತೂಕದ ಮೆಷಿನ್ ತಗೊಳ್ಳಿ. ಗರಗಸ, ಕ್ಲಾಂಪು ಎಲ್ಲ ಆಮೇಲೆ. ರೇಸಿನಲ್ಲಿ ಪಕ್ಕದವರ ಹತ್ತಿರವೂ ಇರುವುದು ಅದೇ 6 ಎಚ್‌ಪಿ. ಗೆಲ್ಲುವುದು, ಹಿಂದೆ ಬೀಳುವುದು ಎಲ್ಲ ತೂಕದ ಮೇಲೆ. ಆ ತೂಕ ದೋಣಿಯಲ್ಲಿ ಎಲ್ಲಿ ಕೂತಿದೆ ಅನ್ನುವುದರ ಮೇಲೆ.

ದೋಣಿಯ ಹೆಸರು ಕಾಕ್‌ಟೇಲ್ ಕ್ಲಾಸ್ ರೇಸರ್. ಮೂಲ 1939ರದ್ದು, ಚಾರ್ಲ್ಸ್ ಮ್ಯಾಕ್‌ಗ್ರೆಗರ್ ಬರೆದ ‘ಸ್ಕುವಾ’ ಎಂಬ ನಕ್ಷೆ. ಪ್ಲೈವುಡ್ಡಿನದು, ಒಬ್ಬರಿಗೆ ಮಾತ್ರ ಜಾಗ. 200 ಪೌಂಡಿಗಿಂತ, ಅಂದರೆ ಸುಮಾರು 90 ಕೆಜಿಗಿಂತ, ಕಡಿಮೆ ತೂಕದವರಿಗೆ 6 ಎಚ್‌ಪಿ ಮೋಟಾರು, ಹೆಚ್ಚಿನವರಿಗೆ 8 ಎಚ್‌ಪಿ. ನಾನು ಇರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ, ಓಡಿಸುವುದು ಚೆಸಪೀಕ್ ಕೊಲ್ಲಿಗೆ ಸೇರುವ ಹೊಳೆಗಳಲ್ಲಿ. ನನ್ನ ದೋಣಿ ಜಿಪಿಎಸ್‌ನಲ್ಲಿ ಗಂಟೆಗೆ 23 ಮೈಲಿ ತೋರಿಸಿದೆ. 37 ಕಿಲೋಮೀಟರು. ಬೈಕಿನಲ್ಲಿ ಅದು ದೊಡ್ಡ ವೇಗ ಅಲ್ಲ. ನೀರಿನಿಂದ ಒಂದು ಗೇಣು ಮೇಲೆ ಮಂಡಿಯೂರಿ ಕೂತು ನೋಡಿ, ಕಣ್ಣಲ್ಲಿ ನೀರು ಬರುತ್ತದೆ.

ಕಟ್ಟುವ ವಿಧಾನಕ್ಕೆ ನಾನು ಪೂರ್ತಿ ಮಾರುಹೋಗಿದ್ದೇನೆ. ಪ್ಲೈವುಡ್ ಹಲಗೆಗಳ ಅಂಚಿಗೆ ಸಣ್ಣ ತೂತು ಕೊರೆದು, ತಾಮ್ರದ ತಂತಿ ಹಾಕಿ ಹೊಲಿಯುವುದು. ತಂತಿ ತಿರುಚುತ್ತಾ ಹೋದ ಹಾಗೆ ಚಪ್ಪಟೆ ಹಲಗೆ ಬಾಗಿ, ಕಣ್ಣೆದುರೇ ದೋಣಿಯ ಆಕಾರ ಎದ್ದು ನಿಲ್ಲುತ್ತದೆ. ಆಮೇಲೆ ಒಳಮೂಲೆಗೆ ಎಪಾಕ್ಸಿಯಲ್ಲಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ರಾಳ) ಮರದ ಹುಡಿ ಕಲಸಿದ ಅಂಟು ತುಂಬಿ, ಮೇಲೆ ಗ್ಲಾಸ್ ಟೇಪ್, ಅಂದರೆ ಗಾಜಿನ ನಾರಿನ ಪಟ್ಟಿ, ಕೂರಿಸುವುದು. ನಮ್ಮೂರು ಗಂಗೊಳ್ಳಿ. ನಮ್ಮ ಕರಾವಳಿಯಲ್ಲಿ ಹಿಂದೆ ಹಲಗೆಗಳನ್ನು ಕತ್ತದ ಹಗ್ಗದಲ್ಲೇ ಹೊಲಿದು ದೋಣಿ ಕಟ್ಟುತ್ತಿದ್ದರಲ್ವಾ, ಮೀನೆಣ್ಣೆ ಬಳಿದು ಕಾಪಾಡುತ್ತಿದ್ದರು. ವಿಡಿಯೋ ಕಾಲಿನಲ್ಲಿ ದೊಡ್ಡಪ್ಪನಿಗೆ ತೋರಿಸಿದೆ. ಸುಮಾರು ಹೊತ್ತು ಒಂದೊಂದೇ ಹೊಲಿಗೆ ನೋಡಿದರು. “ಹೊಲಿಗಿ ಲಾಯ್ಕ್ ಇತ್ತ್ ಮಗಾ. ನೀರ್ ಕುಡೀದೆ ಇದ್ರೆ ಸಾಕ್” ಅಂದರು. ನಾಲ್ಕು ವರ್ಷದಲ್ಲಿ ಒಂದು ಹನಿಯೂ ಒಳಗೆ ಬಂದಿಲ್ಲ.

ನಾನು ತಪ್ಪಿದ್ದು ಎಪಾಕ್ಸಿಯಲ್ಲಿ. ಜಾಸ್ತಿ ಬಳಿದರೆ ಜಾಸ್ತಿ ಗಟ್ಟಿ ಅಂದುಕೊಂಡೆ. ಅದು ಸುಳ್ಳು. ಗ್ಲಾಸ್ ಬಟ್ಟೆ ಒದ್ದೆಯಾಗುವಷ್ಟು ಹಾಕಿ, ಉಳಿದದ್ದನ್ನು ಪ್ಲಾಸ್ಟಿಕ್ ಕಾರ್ಡಿನಲ್ಲಿ ಎಳೆದು ತೆಗೆಯಬೇಕು. ಬಟ್ಟೆಯ ನೇಯ್ಗೆ ಕಣ್ಣಿಗೆ ಕಾಣುತ್ತಿರಬೇಕು. ಹೊಳೆಯುತ್ತಿದ್ದರೆ ಅಲ್ಲಿ ಬರೀ ತೂಕ ಕೂತಿದೆ ಅಂತ ಅರ್ಥ. ಮೋಟಾರಿಲ್ಲದೆ ನನ್ನ ದೋಣಿ 39 ಕೆಜಿ. ಅದೇ ನಕ್ಷೆಯಲ್ಲಿ ಸ್ನೇಹಿತರೊಬ್ಬರು ಕಟ್ಟಿದ್ದು 34. ಆ 5 ಕೆಜಿ ಪ್ರತಿ ರೇಸಿನಲ್ಲೂ ನನ್ನ ಜೊತೆ ಕೂತು ಬರುತ್ತದೆ.

ಇನ್ನೊಂದು ವಿಷಯ. ಗಾಳಿಯಲ್ಲಿ ತೇವ ಇದ್ದಾಗ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಏಳುತ್ತದೆ. ಅದರ ಮೇಲೇ ಮುಂದಿನ ಕೋಟು ಹಾಕಿದರೆ ಹಿಡಿಯುವುದಿಲ್ಲ. ಸ್ಯಾಂಡ್‌ಪೇಪರ್ ಹಾಕಿದರೆ ಜಿಡ್ಡು ಇನ್ನೂ ಒಳಗೆ ಹೋಗುತ್ತದೆ. ಬರೀ ನೀರು, ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಸಾಕು. ತೊಳೆದು, ಒಣಗಿಸಿ, ಆಮೇಲೆ ಉಜ್ಜಿ. ಕಲಸಿದ ಎಪಾಕ್ಸಿಯನ್ನು ಡಬ್ಬಿಯಲ್ಲೇ ಬಿಡಬೇಡಿ. ತನ್ನಷ್ಟಕ್ಕೆ ಕಾದು ಹೊಗೆ ಬರುತ್ತದೆ. ಅಗಲದ ತಟ್ಟೆಗೆ ಸುರಿದರೆ ಕೆಲಸಕ್ಕೆ ಸಮಯ ಸಿಗುತ್ತದೆ.

ಮೋಟಾರಿನ ವಿಷಯದಲ್ಲಿ ನನಗೆ ಮೋಸ ಆಯಿತು. ಹಳೇ ಟೂ ಸ್ಟ್ರೋಕ್ ಮೋಟಾರು ಒಂದನ್ನು ಅಂಗಡಿಯಿಂದ ತಂದೆ. ಸರ್ವೀಸ್ ಆಗಿದೆ ಅಂದರು, ನಂಬಿದೆ. ಎರಡನೇ ರೇಸಿನ ದಿನ, ಎಂಜಿನ್ ತಣ್ಣಗಿಟ್ಟು ಮೋಟಾರಿನ ಹಿಂದೆ ಉಗುಳುವ ನೀರಿನ ಸಣ್ಣ ಧಾರೆ ನಿಂತೇ ಹೋಯಿತು. ತಕ್ಷಣ ಆಫ್ ಮಾಡಿದ್ದರಿಂದ ಎಂಜಿನ್ ಉಳಿಯಿತು. ಬಿಚ್ಚಿ ನೋಡಿದರೆ, ನೀರೆಳೆಯುವ ರಬ್ಬರ್ ಇಂಪೆಲ್ಲರಿನ ಎರಡು ರೆಕ್ಕೆ ಇಲ್ಲ. ಮುರಿದ ತುಂಡು ನೀರು ಹೋಗುವ ದಾರಿಯಲ್ಲಿ ಸಿಕ್ಕಿಕೊಂಡಿತ್ತು. ವರ್ಷಗಟ್ಟಲೆ ಯಾರೂ ಅದನ್ನು ಬಿಚ್ಚಿರಲಿಲ್ಲ. ಈಗ ಪ್ರತಿ ವಸಂತದಲ್ಲಿ ಹೊಸ ಇಂಪೆಲ್ಲರ್ ಹಾಕುತ್ತೇನೆ. ಪ್ರತಿ ಸಲ ಓಡಿಸಿದ ಮೇಲೆ ಸಿಹಿನೀರಿನಲ್ಲಿ ಹತ್ತು ನಿಮಿಷ ಮೋಟಾರು ನಡೆಸುತ್ತೇನೆ. ಇಲ್ಲಿಯದು ಅರೆ ಉಪ್ಪುನೀರು. ಬೇಸಿಗೆಯಲ್ಲಿ ಜೆಲ್ಲಿ ಮೀನು ಬೇರೆ, ನೀರೆಳೆಯುವ ಕಿಂಡಿಗೆ ಅಂಟಿಕೊಳ್ಳುತ್ತದೆ.

ಮೋಟಾರಿನ ಎತ್ತರಕ್ಕೆ ನಾನು ಒಂದು ಇಡೀ ಬೇಸಿಗೆ ಕೊಟ್ಟಿದ್ದೇನೆ. ಹಿಂಬದಿ ಹಲಗೆಯ ಮೇಲೆ ಒಂದು ಇಂಚಿನ ಮರದ ಪಟ್ಟಿ ಇಟ್ಟು ಮೋಟಾರು ಎತ್ತಿದೆ. ನೇರ ದಾರಿಯಲ್ಲಿ ವೇಗ ಸಿಕ್ಕಿತು. ಮೊದಲ ತಿರುವಿನಲ್ಲೇ ನೀರು ತಳ್ಳುವ ಫ್ಯಾನ್ ನೀರಿನ ಬದಲು ಗಾಳಿ ಎಳೆಯಿತು. ಮೋಟಾರು ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಅರ್ಧ ಇಂಚಿಗೆ ಇಳಿಸಿದೆ, ಸರಿಹೋಯಿತು. ನಿಮ್ಮ ದೋಣಿಗೆ ಎಷ್ಟು ಅಂತ ನೀವೇ ಓಡಿಸಿ ನೋಡಬೇಕು.

ರೇಸಿನ ಬಗ್ಗೆ ಒಂದೇ ವಿಷಯ ಹೇಳುತ್ತೇನೆ, ಯಾಕೆಂದರೆ ಅದಕ್ಕೋಸ್ಕರವೇ ನಾನು ಈ ದೋಣಿ ಬಿಟ್ಟುಕೊಟ್ಟಿಲ್ಲ. ಪೂರ್ತಿ ಥ್ರಾಟಲ್ ಕೊಟ್ಟಾಗ ದೋಣಿಯ ಮೂತಿ ಕುಪ್ಪಳಿಸಲು ಶುರುವಾಗುತ್ತದೆ. ಡಬ್, ಡಬ್, ಡಬ್ ಅಂತ. ಹೊಸಬರು ಹೆದರಿ ಹಿಂದಕ್ಕೆ ವಾಲುತ್ತಾರೆ, ಆಗ ಇನ್ನೂ ಜಾಸ್ತಿಯಾಗುತ್ತದೆ. ಎದೆಯನ್ನು ಸ್ಟೀರಿಂಗ್ ಕಡೆಗೆ ನಾಲ್ಕು ಬೆರಳು ಮುಂದೆ ತನ್ನಿ, ಅಷ್ಟೇ. ಕುಪ್ಪಳಿಸುವುದು ಒಮ್ಮೆಲೇ ನಿಲ್ಲುತ್ತದೆ. ಅಡಿಹಲಗೆ ನೀರಿನ ಮೇಲೆ ಜಾರುವ ಸಣ್ಣ ಶಬ್ದ ಮಂಡಿಗೆ ಗೊತ್ತಾಗುತ್ತದೆ, ಮೋಟಾರಿನ ದನಿ ಒಂದು ಸ್ವರ ಮೇಲೇರುತ್ತದೆ. ತಿರುವಿನಲ್ಲಿ ಮೈ ಒಳಗಡೆಗೆ ವಾಲಿಸಬೇಕು. ಸುಮ್ನೆ ಕೂತರೆ ಹೊರಗಿನ ಅಂಚು ನೀರಿಗೆ ಕಚ್ಚಿ ದೋಣಿ ಮಗುಚಬಹುದು. ಹೆಲ್ಮೆಟ್, ಲೈಫ್ ಜಾಕೆಟ್ ಇಲ್ಲದೆ ಇಳಿಯಲೇಬೇಡಿ. ನೀವು ಬಿದ್ದರೆ ಮೋಟಾರು ನಿಲ್ಲಿಸುವ ದಾರವೊಂದಿದೆ, ಅದು ಮೈಗೆ ಕಟ್ಟಿರಲೇಬೇಕು. ಅದಿಲ್ಲದಿದ್ದರೆ ಖಾಲಿ ದೋಣಿ ಸುತ್ತು ಹಾಕಿ ನಿಮ್ಮ ಮೇಲೇ ಬರುತ್ತದೆ.

ವಾರ್ನಿಶ್ ಪ್ರತಿ ವರ್ಷದ ಕೆಲಸ. ಬಿಸಿಲು ತಡೆಯುವ ವಾರ್ನಿಶ್ ಇಲ್ಲದಿದ್ದರೆ ಎಪಾಕ್ಸಿ ಮಂಕಾಗಿ ಬಿಟ್ಟುಕೊಳ್ಳುತ್ತದೆ. ಮೀನು ಹಿಡಿಯಲು, ಮನೆಯವರನ್ನು ಕೂರಿಸಿಕೊಂಡು ತಿರುಗಲು ಈ ದೋಣಿ ಬರುವುದಿಲ್ಲ. ಅಲೆ ಎದ್ದ ದಿನ ನಾನು ಮನೆಯಲ್ಲೇ ಇರುತ್ತೇನೆ.

ಕಟ್ಟಲು ನನಗೆ ಒಂದು ಚಳಿಗಾಲದ ಶನಿವಾರ, ಭಾನುವಾರಗಳೆಲ್ಲ ಬೇಕಾದವು. ಈಗ ಎರಡನೆಯದು ಶುರುವಾಗಿದೆ. ಹಲಗೆಗಳು ಕತ್ತರಿಸಿ ಆಗಿವೆ, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಅದರ ತೂಕ ಬರೆದಿಟ್ಟಿದ್ದೇನೆ.