ಮೋಟಾರ್ ಜೋಲಿ, ಕಲಘಟಗಿ ತೊಟ್ಟಿಲು: ಕೂಸು ತಾನಾಗಿ ನಿದ್ದೆ ಹೋಗಲು ಯಾವುದು ಒಳ್ಳೆಯದು?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುವ ಮಾತಿದೆ. ಕುಲಾವಿ ಬೇಡ, ಆದರೆ ಕೂಸು ಎಲ್ಲಿ ಮಲಗುತ್ತದೆ ಅನ್ನುವುದನ್ನು ಏಳನೇ ತಿಂಗಳಲ್ಲೇ ತೀರ್ಮಾನ ಮಾಡಿಟ್ಟುಕೊಳ್ಳಿ. ಬಾಣಂತನ ಶುರುವಾದ ಮೇಲೆ ಯೋಚಿಸಲು ಯಾರಿಗೂ ಪುರಸೊತ್ತಿರುವುದಿಲ್ಲ, ಯಾರೋ ತಂದುಕೊಟ್ಟ ಸ್ಪ್ರಿಂಗ್ ಜೋಲಿಯೇ ಕೂಸಿನ ಹಾಸಿಗೆಯಾಗಿಬಿಡುತ್ತದೆ. ಮೂರು ತಿಂಗಳು ಎಲ್ಲವೂ ಸಲೀಸು. ನಾಲ್ಕನೇ ತಿಂಗಳಿಗೆ ಜೋಲಿ ನಿಂತ ಕೂಡಲೇ ಕಣ್ಣು ಬಿಡುವ ಕೂಸು, ರಾತ್ರಿ ಐದಾರು ಸಲ ಎದ್ದು ತೂಗುವ ತಾಯಿ.

ಹಾಗಾಗಿ ಇಲ್ಲಿ ಪರೀಕ್ಷೆಗೆ ಇಟ್ಟಿರುವ ಪ್ರಶ್ನೆ ಒಂದೇ. ತೂಗುವುದು ನಿಂತ ಮೇಲೂ ಮಲಗಿರಲು ಕೂಸಿಗೆ ಯಾವುದು ಕಲಿಸುತ್ತದೆ? ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು: ಮೋಟಾರ್ ಕೂರಿಸಿದ ಸ್ಪ್ರಿಂಗ್ ಜೋಲಿ, ಸೀರೆಯ ಜೋಲಿ, ಮರದ ತೊಟ್ಟಿಲು.

ಮೊದಲು ಮೋಟಾರ್ ಜೋಲಿ, ಈಗ ಹೆಚ್ಚು ಮಾರಾಟವಾಗುವುದು ಅದೇ. ಕಬ್ಬಿಣದ ಪೈಪಿನ ಸ್ಟ್ಯಾಂಡ್, ಮೇಲೆ ಕೊಕ್ಕೆ, ಅದಕ್ಕೊಂದು ಸ್ಪ್ರಿಂಗ್, ಕೆಳಗೆ ಬಟ್ಟೆಯನ್ನು ಅಗಲಿಸಿ ಹಿಡಿಯುವ ಅಡ್ಡಕೋಲು, ಝಿಪ್ ಇರುವ ಸೊಳ್ಳೆ ಪರದೆ. ಮೋಟಾರ್ ಸ್ಪ್ರಿಂಗನ್ನು ಒಂದೇ ಸಮನೆ ಮೇಲೆ ಕೆಳಗೆ ಎಳೆಯುತ್ತದೆ. ಅಳುವ ಕೂಸನ್ನು ಸಮಾಧಾನ ಮಾಡುವುದರಲ್ಲಿ ಇದನ್ನು ಮೀರಿಸುವುದು ಬೇರೊಂದಿಲ್ಲ, ಅದನ್ನು ಒಪ್ಪಬೇಕು. ತೊಂದರೆ ಇರುವುದು ಆಮೇಲೆ.

ಎಳೆಗೂಸಿನ ನಿದ್ದೆಯ ಒಂದು ಸುತ್ತು ಸುಮಾರು 50 ನಿಮಿಷ. ಸುತ್ತು ಮುಗಿದಾಗಲೆಲ್ಲ ಕೂಸು ಅರೆ ಎಚ್ಚರವಾಗುತ್ತದೆ, ದೊಡ್ಡವರೂ ಆಗುತ್ತೇವೆ. ಮಲಗುವಾಗ ಸುತ್ತ ಏನಿತ್ತೋ ಅದು ಈಗಲೂ ಇದ್ದರೆ ಮಗ್ಗುಲಾಗಿ ಮತ್ತೆ ನಿದ್ದೆಗೆ ಜಾರುತ್ತದೆ. ಮಲಗುವಾಗ ಮೈ ಕುಣಿಯುತ್ತಿದ್ದು ಈಗ ನಿಂತಿದ್ದರೆ, ಏನೋ ತಪ್ಪಿದೆ ಎಂದು ಪೂರ್ತಿ ಎದ್ದು ಅಳುತ್ತದೆ. ಇದು ಹಟವಲ್ಲ, ದೃಷ್ಟಿಯಾದದ್ದೂ ಅಲ್ಲ. ಜೂನ್ ಮಳೆಗೆ ಕರೆಂಟು ಹೋದ ರಾತ್ರಿ ಇದು ಚೆನ್ನಾಗಿ ಗೊತ್ತಾಗುತ್ತದೆ, ಮೋಟಾರ್ ನಿಂತ ಒಂದೆರಡು ನಿಮಿಷದಲ್ಲಿ ಜೋಲಿಯೊಳಗಿಂದ ಸದ್ದು ಬರುತ್ತದೆ. ಅತ್ತ ಕೂಡಲೇ ತಾನಾಗಿ ತೂಗಲು ಶುರುಮಾಡುವ ಮಾದರಿಗಳೂ ಇವೆ. ಆ ಸೌಲಭ್ಯವನ್ನು ಬಂದ್ ಮಾಡಿಡಿ. ಹಸಿವಿನ ಅಳು ಯಾವುದು, ನಿದ್ದೆಯಲ್ಲಿ ಮುಲುಗಿದ್ದು ಯಾವುದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ.

ಇನ್ನೊಂದು ಕೊರತೆ ಆಕಾರದ್ದು, ಅದು ಇದಕ್ಕಿಂತ ದೊಡ್ಡದು. ಬಟ್ಟೆ ಬಾಳೆಕಾಯಿಯಂತೆ ಬಾಗುತ್ತದೆ, ಕೂಸಿನ ಗದ್ದ ಎದೆಗೆ ಒತ್ತಿಕೊಳ್ಳುತ್ತದೆ. ಎಳೆಯ ಉಸಿರುನಾಳ ಮೆತ್ತಗಿರುವುದರಿಂದ ಅಷ್ಟಕ್ಕೇ ಕಿರಿದಾಗುತ್ತದೆ, ಸದ್ದೂ ಬರುವುದಿಲ್ಲ. ಗದ್ದ ಮತ್ತು ಎದೆಯ ನಡುವೆ ಎರಡು ಬೆರಳು ಹಿಡಿಯದಿದ್ದರೆ ಆ ಜೋಲಿ ಆ ಕೂಸಿಗೆ ಆಗದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಯೂ ಇದೇ: ಬೆನ್ನ ಮೇಲೆ ಮಲಗಿಸಿ, ಹಾಸು ಗಟ್ಟಿ ಮತ್ತು ಸಮತಟ್ಟಾಗಿರಲಿ, 10 ಡಿಗ್ರಿಗಿಂತ ಹೆಚ್ಚು ಓರೆ ಬೇಡ. ಓರೆಯಾಗಿ ಮಲಗಿಸುವ ಉಪಕರಣಗಳ ಮಾರಾಟವನ್ನು ಅಲ್ಲಿ ಅದೇ ವರ್ಷ ಕಾನೂನಿನಿಂದಲೇ ನಿಲ್ಲಿಸಿದರು. ರಾತ್ರಿಯ ಹಾಸಿಗೆಯಾಗಿ ಜೋಲಿ ಬೇಡವೇ ಬೇಡ. ಹಗಲಲ್ಲಿ, ಕಣ್ಣೆದುರಿಗೆ, ಸಮಾಧಾನ ಮಾಡುವಷ್ಟು ಹೊತ್ತು ಸಾಕು. ನಿದ್ದೆ ಬಂದ ಮೇಲೆ ಸಮತಟ್ಟು ಹಾಸಿಗೆಗೆ ಸಾಗಿಸಿ.

ಈಗಾಗಲೇ ಕೊಂಡಿದ್ದರೆ ಮೂರು ಕಡೆ ನೋಡಿ. ಕರಾವಳಿಯ ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಕೊಕ್ಕೆ ಮತ್ತು ಸ್ಪ್ರಿಂಗ್ ಸೇರುವ ಜಾಗ. ಒಣ ಬಟ್ಟೆಯಿಂದ ವಾರಕ್ಕೊಮ್ಮೆ ಒರೆಸಿ, ಒರಟು ತುಕ್ಕು ಕಂಡರೆ ಬದಲಿಸಿ. ಕೂಸನ್ನು ಎತ್ತಿದ ಮೇಲೂ ಸ್ಪ್ರಿಂಗಿನ ಸುರುಳಿಗಳ ನಡುವೆ ಬೆಳಕು ಕಂಡರೆ ಅದು ಸತ್ತ ಸ್ಪ್ರಿಂಗ್. ಸ್ಪ್ರಿಂಗ್ ತುಂಡಾದರೆ ಹಿಡಿಯಲು ಅದರೊಳಗೆ ಒಂದು ಹಗ್ಗ ಅಥವಾ ಪಟ್ಟಿ ಹಾದುಹೋಗಿರಬೇಕು. ಅದಿಲ್ಲದ ಜೋಲಿ ಎಷ್ಟೇ ಅಗ್ಗವಿದ್ದರೂ ಬೇಡ.

ಸೀರೆಯ ಜೋಲಿಗೂ ಬಾಗಿದ ಬೆನ್ನಿನ ತೊಂದರೆ ಇದ್ದೇ ಇದೆ. ಜೊತೆಗೆ ಒಂದು ಎಚ್ಚರಿಕೆ: ಮನೆಯ ದೊಡ್ಡ ಮಕ್ಕಳು ಅದರಲ್ಲಿ ಕೂತು ಗಿರಗಿರ ತಿರುಗಿ ಕುತ್ತಿಗೆ ಸಿಕ್ಕಿಕೊಂಡ ಅವಘಡಗಳು ನಮ್ಮ ದೇಶದ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ಕೂಸನ್ನು ಎತ್ತಿದ ಕೂಡಲೇ ಸೀರೆಯನ್ನು ಬಿಚ್ಚಿ ಅಥವಾ ಮೇಲಕ್ಕೆ ಗಂಟು ಹಾಕಿ.

ಇನ್ನು ಮರದ ತೊಟ್ಟಿಲು. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಬರುವ ದಾರಿಯಲ್ಲೇ ಕಲಘಟಗಿ ಇದೆ. ಅಲ್ಲಿಯ ಸಾಗವಾನಿ ತೊಟ್ಟಿಲು, ಅದರ ಮೇಲೆ ಅರಗಿನ ಬಣ್ಣದಲ್ಲಿ ಬರೆದ ಬಾಲಕೃಷ್ಣ, ಬಳ್ಳಿ, ಗಿಳಿ, ನೋಡಿದವರು ಮರೆಯುವುದಿಲ್ಲ. ಅಂಗಡಿಗೆ ಹೋಗಿ ಎತ್ತಿಕೊಂಡು ಬರುವ ವಸ್ತುವಲ್ಲ, ಹೇಳಿ ಮಾಡಿಸುವುದು. ಚಂದಕ್ಕೆ ಯಾರೂ ಎರಡು ಮಾತಾಡುವುದಿಲ್ಲ. ನಿದ್ದೆ ಕಲಿಸಲು ಇದು ಗೆಲ್ಲುವುದು ಬೇರೆ ಕಾರಣಕ್ಕೆ. ತಳ ಹಲಗೆಯದು, ಸಮತಟ್ಟು. ಒಮ್ಮೆ ತೂಗಿದರೆ ನಾಲ್ಕಾರು ಸಲ ಓಲಾಡಿ, ಪ್ರತಿ ಸಲವೂ ಸ್ವಲ್ಪ ಕಡಿಮೆಯಾಗಿ, ತಾನೇ ನಿಲ್ಲುತ್ತದೆ. ತೂಗುವುದನ್ನು ಕ್ರಮೇಣ ಬಿಡಿಸುವ ಪಾಠ ಅದರ ಓಲಾಟದಲ್ಲೇ ಇದೆ. ಮೋಟಾರಿಗೆ ಅದು ಬರುವುದಿಲ್ಲ.

ಮಾಡಿಸುವಾಗ ಅಳತೆ ಗಟ್ಟಿಯಾಗಿ ಹೇಳಿ. ಕಂಬಿಗಳ ನಡುವಿನ ಸಂದು 6 ಸೆಂಟಿಮೀಟರ್ ಮೀರಬಾರದು, ಮೀರಿದರೆ ಕೂಸಿನ ಮೈ ತೂರಿ ತಲೆ ಸಿಕ್ಕಿಕೊಳ್ಳಬಹುದು. ಹಾಸಿಗೆ ಮತ್ತು ತೊಟ್ಟಿಲಿನ ಗೋಡೆಯ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಉಳಿಯಬಾರದು. ಎರಡು ಕೊಂಡಿಯಲ್ಲಿ ತೂಗುಬಿಟ್ಟದ್ದಕ್ಕಿಂತ ನಾಲ್ಕು ಮೂಲೆಗೂ ಸರಪಳಿ ಇರುವುದು ವಾಸಿ. ಪರೀಕ್ಷೆ ಮಾಡಲು 4 ಕಿಲೋ ಅಕ್ಕಿಯ ಚೀಲವನ್ನು ಒಂದು ಬದಿಗೆ ಸರಿಸಿಡಿ. ತೊಟ್ಟಿಲು ಆ ಕಡೆಗೆ ವಾಲಿ ಅಲ್ಲೇ ನಿಂತರೆ, ಮಗ್ಗುಲಾದ ಕೂಸು ಮುಖ ಒತ್ತಿಕೊಂಡು ಉಳಿಯುತ್ತದೆ ಎಂದೇ ಅರ್ಥ. ಅಲ್ಲಾಡದಂತೆ ಹಿಡಿದಿಡಲು ಒಂದು ಅಗುಳಿ ಅಥವಾ ಕೊಕ್ಕೆ ಇರಲಿ, ಕೆಳಗೆ ಹೇಳುವ ಕ್ರಮಕ್ಕೆ ಅದು ಬೇಕೇ ಬೇಕು.

ಅಟ್ಟದಿಂದ ಇಳಿಸಿದ ಅಜ್ಜನ ಕಾಲದ ತೊಟ್ಟಿಲಾದರೆ ಬಣ್ಣದ ವಿಷಯದಲ್ಲಿ ಹುಷಾರು. ನಮ್ಮಲ್ಲಿ ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದೆ ಎನಾಮಲ್ ಬಳಿದ ತೊಟ್ಟಿಲಿನ ಅಂಚನ್ನು ಹಲ್ಲು ಬರುವ ಕೂಸು ಕಚ್ಚುತ್ತದೆ. ಒಣ ಸ್ಯಾಂಡ್‌ಪೇಪರ್ ಉಜ್ಜಬೇಡಿ, ಆ ಧೂಳೇ ವಿಷ. ಅಂಥದ್ದನ್ನು ನಾಮಕರಣದ ದಿನ ಶಾಸ್ತ್ರಕ್ಕೆ ಬಳಸಿ, ಮಲಗಿಸಲು ಬೇರೆ ನೋಡಿ.

ಹಾಸಿಗೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಬೂರುಗದ ಹತ್ತಿಯ ಮೆತ್ತನೆಯ ಹಾಸು ದೊಡ್ಡವರಿಗೆ ಸುಖ, ಕೂಸಿಗೆ ಅಪಾಯ. ಅಂಗೈಯಿಂದ ಗಟ್ಟಿಯಾಗಿ ಒತ್ತಿ ಕೈ ತೆಗೆಯಿರಿ, ಗುಳಿ ತಕ್ಷಣ ಮುಚ್ಚಬೇಕು. ಕೈಯ ಅಚ್ಚು ಉಳಿದರೆ ಆ ಹಾಸು ಬೇಡ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬನ್ನೂ ತೆಗೆದುಬಿಡಿ. ಅದರ ಬದಲು ಎಚ್ಚರವಿರುವಾಗ ದಿನಕ್ಕೆ ಎರಡು ಮೂರು ಸಲ ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿದರೆ ತಲೆಯ ಹಿಂಭಾಗಕ್ಕೂ ಒಳ್ಳೆಯದು, ಕುತ್ತಿಗೆಗೂ ಬಲ. ಮಳೆಗಾಲದಲ್ಲಿ ಹಾಸಿಗೆಯ ಅಡಿ ಥಂಡಿ ಹಿಡಿದು ಬೂಸ್ಟು ಬರುತ್ತದೆ, ದಿನಾ ಬೆಳಿಗ್ಗೆ ನಿಲ್ಲಿಸಿಟ್ಟು ಫ್ಯಾನ್ ಗಾಳಿ ಹಿಡಿಸಿ. ಕೂಸಿನ ಬಟ್ಟೆಯನ್ನು ಹೊಡಸಲಿನ (ಬಟ್ಟೆ ಒಣಗಿಸಲು ಹಾಕುವ ಬೆಂಕಿಯ) ಮೇಲೆ ಒಣಗಿಸಿದ್ದರೆ ಹೊಗೆವಾಸನೆ ಹೋಗುವವರೆಗೆ ತೊಡಿಸಬೇಡಿ. ಧೂಪ, ಲೋಬಾನ, ಸೊಳ್ಳೆ ಕಾಯಿಲ್ ಯಾವುದೂ ಕೂಸಿನ ಕೋಣೆಗೆ ಬೇಡ, ಬಿಗಿಯಾಗಿ ಕಟ್ಟಿದ ಪರದೆ ಸಾಕು.

ಈಗ ಕಲಿಸುವ ಕ್ರಮ. ನಾಲ್ಕು ತಿಂಗಳ ಒಳಗಿನ ಕೂಸಿಗೆ ಏನೂ ಕಲಿಸಲು ಹೋಗಬೇಡಿ, ತೂಗಿ, ಎತ್ತಿಕೊಳ್ಳಿ, ಕೇಳಿದಾಗ ಹಾಲು ಕೊಡಿ. ಹಗಲು ರಾತ್ರಿಯ ಗಡಿಯಾರ ಮೈಯಲ್ಲಿ ಕೂರುವುದೇ ಮೂರನೇ ತಿಂಗಳ ಹೊತ್ತಿಗೆ. ಆಮೇಲೆ, ಐದಾರು ತಿಂಗಳಿಗೆ ಶುರುಮಾಡಬಹುದು. ಅದಕ್ಕೂ ಮೊದಲು ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಏರುತ್ತಿದೆಯೇ ನೋಡಿ. ದಿನ ತುಂಬುವ ಮುಂಚೆ ಹುಟ್ಟಿದ ಕೂಸು, ತೂಕ ಏರದ ಕೂಸು, ಹಾಲು ಕಕ್ಕುವ ಕೂಸಾದರೆ ಮಕ್ಕಳ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ರಾತ್ರಿ ಹಾಲು ಬಿಡಿಸುವುದು ಬೇರೆಯದೇ ಕೆಲಸ, ಇದರ ಜೊತೆ ಸೇರಿಸಬೇಡಿ.

ಸಂಜೆಯ ಸಾಲು ಪ್ರತಿದಿನ ಒಂದೇ ಇರಲಿ: ಬಿಸಿನೀರಲ್ಲಿ ಮೈ ಒರೆಸಿ, ಲಂಗೋಟಿ ಬದಲಿಸಿ, ದೀಪ ಸಣ್ಣ ಮಾಡಿ, ಹಾಲು, ತೇಗು, ಒಂದು ಜೋಗುಳ. ಎಲ್ಲ ಸೇರಿ ಅರ್ಧ ಗಂಟೆ. ಹಾಲು ಕೊನೆಗೆ ಬೇಡ, ಹಾಲಿಗೂ ತೊಟ್ಟಿಲಿಗೂ ನಡುವೆ ಹಾಡೊಂದು ಬಂದರೆ ಕುಡಿಯುತ್ತಲೇ ನಿದ್ದೆ ಹೋಗುವ ರೂಢಿ ಸಡಿಲವಾಗುತ್ತದೆ. ಹಾಡುವವರು ಆಯಿಯೋ ಅಜ್ಜಿಯೋ, ಹಾಡು ಮಾತ್ರ ಬದಲಾಗಬಾರದು.

ಮೊದಲ ಮೂರು ರಾತ್ರಿ ಎಂದಿನಂತೆ ತೂಗಿ, ಆದರೆ ರೆಪ್ಪೆ ಭಾರವಾಗಿ, ಕಣ್ಣು ಇನ್ನೂ ಮುಚ್ಚದಿರುವಾಗ ಕೈ ಬಿಡಿ. ತೊಟ್ಟಿಲು ತಾನೇ ನಿಲ್ಲಲಿ. ಮುಂದಿನ ಮೂರು ರಾತ್ರಿ ಅಗುಳಿ ಹಾಕಿ, ತೂಗುವ ಬದಲು ಎದೆಯ ಮೇಲೆ ಅಂಗೈ ಇಟ್ಟು ಜೋಗುಳದ ತಾಳಕ್ಕೆ ಮೆಲ್ಲಗೆ ತಟ್ಟಿ. ಆಮೇಲೆ ತಟ್ಟದೆ ಕೈ ಸುಮ್ಮನೆ ಇಡಿ. ಆಮೇಲೆ ಕೈ ತೆಗೆದು ಪಕ್ಕದಲ್ಲಿ ಕೂರಿ. ಕೊನೆಗೆ ಕುರ್ಚಿಯನ್ನು ಎರಡು ಮೂರು ದಿನಕ್ಕೊಮ್ಮೆ ಒಂದು ಮಾರು ಹಿಂದೆ ಸರಿಸಿ. ಕೋಣೆಯಿಂದ ಹೊರಗೆ ಹೋಗಬೇಕಿಲ್ಲ. ಕನಿಷ್ಠ ಆರು ತಿಂಗಳು ಕೂಸು ತಾಯಿಯ ಕೋಣೆಯಲ್ಲೇ, ತನ್ನದೇ ಹಾಸಿಗೆಯಲ್ಲಿ ಮಲಗಬೇಕು.

ನಡುವೆ ಮುಲುಗಿದರೆ ಒಂದೆರಡು ನಿಮಿಷ ಕಾಯಿರಿ. ಕೂಸುಗಳು ನಿದ್ದೆಯಲ್ಲೇ ನರಳುತ್ತವೆ, ಕಾಲು ಝಾಡಿಸುತ್ತವೆ, ಕಣ್ಣೂ ಅರ್ಧ ತೆರೆಯುತ್ತವೆ. ಆಗ ಎತ್ತಿಕೊಂಡರೆ ಮಲಗಿದ ಕೂಸನ್ನು ನೀವೇ ಎಬ್ಬಿಸಿದಂತೆ. ನಿಜವಾದ ಅಳು ಏರುತ್ತಾ ಹೋಗುತ್ತದೆ. ಏರಿದರೆ ಎತ್ತಿಕೊಳ್ಳಿ, ಸಮಾಧಾನ ಮಾಡಿ, ಮತ್ತೆ ಎಚ್ಚರವಿರುವಾಗಲೇ ಇಳಿಸಿ. ಮೊದಲು ಸೊಂಟ, ಆಮೇಲೆ ತಲೆ, ಕೈಯನ್ನು ಒಂದು ನಿಮಿಷ ಎದೆಯ ಮೇಲೆ ಬಿಟ್ಟು ಮೆಲ್ಲಗೆ ತೆಗೆಯಿರಿ.

ಇಂಥ ಕ್ರಮದಿಂದ ಕೂಸಿನ ಮನಸ್ಸಿಗೆ ಪೆಟ್ಟಾಗುತ್ತದೆಯೇ ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಪಕ್ಕದಲ್ಲಿ ಕೂತು ಕ್ರಮೇಣ ದೂರವಾಗುವುದು, ಸ್ವಲ್ಪ ಹೊತ್ತು ಬಿಟ್ಟು ಬಂದು ಸಮಾಧಾನ ಮಾಡುವುದು, ಈ ಎರಡು ವಿಧಾನಗಳನ್ನು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಅಧ್ಯಯನ ಮಾಡಿದ್ದಾರೆ. ಏಳನೇ ತಿಂಗಳಲ್ಲಿ ನಿದ್ದೆಯ ತೊಂದರೆ ಇದ್ದ 326 ಕೂಸುಗಳಿಂದ ಶುರುವಾದ ಆ ಅಧ್ಯಯನ, ಮಕ್ಕಳಿಗೆ ಆರು ವರ್ಷವಾದಾಗ ಮತ್ತೆ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಮನಸ್ಸಿಗಾಗಲಿ, ತಾಯಿ ಮಗುವಿನ ನಂಟಿಗಾಗಲಿ ಹಾನಿ ಕಾಣಲಿಲ್ಲ. ದೂರದ ಲಾಭವೂ ಕಾಣಲಿಲ್ಲ. ಅಂದರೆ, ಕಲಿಸದೇ ತೂಗುತ್ತಲೇ ಇದ್ದ ತಾಯಿ ತಪ್ಪು ಮಾಡಿದಳು ಎಂದೂ ಅಲ್ಲ. ಇದು ಈಗಿನ ರಾತ್ರಿಗಳ ಸುಖಕ್ಕೆ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ತಡವಾಗಿ ಮಲಗಿಸುವುದು. ಐದಾರು ತಿಂಗಳ ಕೂಸು ಸುಮಾರು ಎರಡರಿಂದ ಎರಡೂವರೆ ಗಂಟೆ ಎಚ್ಚರವಿದ್ದರೆ ಸಾಕು, ಕಿವಿ ಎಳೆದುಕೊಳ್ಳುವುದು, ಮುಖ ತಿರುಗಿಸುವುದು ಕಂಡ ಕೂಡಲೇ ಕೋಣೆಗೆ ಒಯ್ಯಿರಿ. ದಣಿವು ಮೀರಿದ ಕೂಸಿಗೆ ಯಾವ ಕ್ರಮವೂ ತಾಗುವುದಿಲ್ಲ. ನಾಲ್ಕರಿಂದ ಹನ್ನೊಂದು ತಿಂಗಳವರೆಗೆ ಹಗಲು ನಿದ್ದೆ ಸೇರಿ ದಿನಕ್ಕೆ 12ರಿಂದ 16 ಗಂಟೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇನ್ನೊಂದು, ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ರಾತ್ರಿ ನೀವು ಅಗುಳಿ ಹಾಕಿ, ಮಧ್ಯಾಹ್ನ ಅಜ್ಜಿ ಅರ್ಧ ಗಂಟೆ ತೂಗಿದರೆ ಕೂಸಿಗೆ ಗೊಂದಲ. ಅಜ್ಜಿಯ ಕೈ ತಡೆಯುವುದು ಬೇಡ, ತಟ್ಟುವ ಕೆಲಸವನ್ನೇ ಅವರಿಗೆ ಕೊಡಿ. ಆ ತಾಳ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಲಸಿಕೆ ಹಾಕಿಸಿದ ದಿನ, ಜ್ವರ, ಶೀತ ಇದ್ದಾಗ ಎರಡು ದಿನ ಎಲ್ಲ ಬಿಟ್ಟು ಎತ್ತಿಕೊಳ್ಳಿ, ಗುಣವಾದ ಮೇಲೆ ನಿಂತಲ್ಲಿಂದ ಶುರುಮಾಡಿ.

ಹೊದಿಕೆಗೆ ಕಾರವಾರದ ಲೆಕ್ಕ ಬೇರೆ, ಶಿರಸಿಯ ಲೆಕ್ಕ ಬೇರೆ. ಏಪ್ರಿಲ್ ಸೆಕೆಯಲ್ಲಿ ಕರಾವಳಿಯ ಕೂಸಿಗೆ ಒಂದು ತೆಳು ಹತ್ತಿ ಅಂಗಿ, ನೇರ ಬೀಸದ ಫ್ಯಾನ್. ಡಿಸೆಂಬರ್ ಚಳಿಗೆ ಘಟ್ಟದ ಮೇಲೆ ನಿಮಗಿಂತ ಒಂದು ಪದರ ಹೆಚ್ಚು, ಅದೂ ತೊಡಿಸಿದ ಬಟ್ಟೆಯೇ, ಸಡಿಲ ಕಂಬಳಿಯಲ್ಲ. ಒಳಗೆ ಮಲಗಿರುವಾಗ ಕುಲಾವಿ ಬೇಡ. ಕತ್ತಿನ ಹಿಂದೆ ಕೈ ಇಟ್ಟು ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ.

ಮರದ ತೊಟ್ಟಿಲಿನ ಆಯುಷ್ಯ ಗಿಡ್ಡ, ಅದೊಂದೇ ಅದರ ಕೊರತೆ. ಕೂಸು ಅಂಗೈ ಊರಿ ಎದೆ ಎತ್ತಿ ಮೊಣಕಾಲಿಗೆ ಬರಲು ನೋಡಿದ ದಿನವೇ ಅದನ್ನು ಬಿಟ್ಟು ಎತ್ತರದ ಕಟಕಟೆಯ ಮಂಚಕ್ಕೋ, ನೆಲದ ಗಟ್ಟಿ ಹಾಸಿಗೆಗೋ ಬದಲಿಸಬೇಕು. ಕೆಲವು ಕೂಸುಗಳಿಗೆ ಐದನೇ ತಿಂಗಳಲ್ಲೇ ಆ ದಿನ ಬರುತ್ತದೆ. ಹಾಗಾದರೆ ಮೇಲೆ ಹೇಳಿದ ಕ್ರಮವನ್ನು ಹೊಸ ಹಾಸಿಗೆಯಲ್ಲಿ ತಟ್ಟುವ ಹಂತದಿಂದಲೇ ಶುರುಮಾಡಿ. ತೊಟ್ಟಿಲನ್ನು ಒಣ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿಡಿ, ಮುಂದಿನ ಕೂಸಿಗೆ ಆಗುತ್ತದೆ. ಸ್ಪ್ರಿಂಗ್ ಜೋಲಿ ಇದ್ದರೆ ಸ್ಟ್ಯಾಂಡ್ ಇಟ್ಟುಕೊಳ್ಳಬಹುದು, ಸ್ಪ್ರಿಂಗ್ ಮತ್ತು ಕೊಕ್ಕೆ ಮಾತ್ರ ಎರಡನೇ ಕೂಸಿಗೆ ಬಳಸಬೇಡಿ, ಹೊಸದೇ ತನ್ನಿ.