ಏಷ್ಯಾಟಿಕ್ ಲಿಲ್ಲಿಯ ಆರೈಕೆ: ಸಾಬೂನು ನೀರು, ಬೇವಿನೆಣ್ಣೆ, ತಾಮ್ರದ ಸಿಂಪರಣೆ

ಸತತ ಎರಡು ಹಂಗಾಮುಗಳಲ್ಲಿ 24 ಏಷ್ಯಾಟಿಕ್ ಲಿಲ್ಲಿ ಗೆಡ್ಡೆಗಳನ್ನು ಎರಡು ಮಡಿಗಳಿಗೆ ಸಮನಾಗಿ ಹಂಚಿ ನೆಟ್ಟು, ಒಂದೇ ಕಾಟಕ್ಕೆ ಒಂದೊಂದು ಮಡಿಯಲ್ಲಿ ಒಂದೊಂದು ಉಪಾಯವನ್ನು ಅನುಸರಿಸಿ ನೋಡಿದ್ದೇನೆ. ಲಿಲ್ಲಿಗೆ ಗೆಡ್ಡೆಯ ತಳದಲ್ಲಷ್ಟೇ ಅಲ್ಲದೆ ಅದರ ಮೇಲಿನ ಕಾಂಡದಲ್ಲೂ ಬೇರೊಡೆಯುವುದರಿಂದ ಎಲ್ಲವನ್ನೂ ಸುಮಾರು 15 ಸೆಂ.ಮೀ. ಆಳದಲ್ಲಿ ಇಟ್ಟಿದ್ದೆ. ಎರಡೂ ಮಡಿಗಳಿಗೆ ದಿನಕ್ಕೆ ಆರು ಗಂಟೆಯಷ್ಟು ಬಿಸಿಲು ಬೀಳುತ್ತಿತ್ತು.

ಮೊದಲು ಕಾಣಿಸಿಕೊಂಡದ್ದು ಸಸ್ಯಹೇನು. ಅದು ಎಲೆಗಳ ಅಡಿಯಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಎಳೆ ಮೊಗ್ಗುಗಳ ಗೊಂಚಲಿನ ಸಂದಿಗಳಲ್ಲಿಯೂ ಅಡಗುತ್ತದೆ. ಮೇಲಿನಿಂದ ನೋಡಿ ಗಿಡ ಚೆನ್ನಾಗಿದೆಯೆಂದು ತಿಳಿದುಕೊಂಡು ನಾನು ಮೊದಲ ವಾರವನ್ನು ಕಳೆದುಕೊಂಡೆ. ಒಂದು ಮಡಿಗೆ ಲೀಟರ್ ನೀರಿಗೆ 5 ಮಿ.ಲೀ. ದ್ರವ ಸಾಬೂನು ಬೆರೆಸಿ ಸಿಂಪಡಿಸಿದೆ, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ಬೇವಿನೆಣ್ಣೆಯನ್ನು ಕೆಲವು ಹನಿ ಸಾಬೂನಿನೊಡನೆ ಕದಡಿ ಸಿಂಪಡಿಸಿದೆ. ಸಾಬೂನು ನೀರು ತಗುಲಿದ ಹೇನುಗಳು ಅಂದೇ ಸತ್ತವು, ಆದರೆ ಒಣಗಿದ ಮೇಲೆ ಅದಕ್ಕೆ ಯಾವ ಶಕ್ತಿಯೂ ಉಳಿಯುವುದಿಲ್ಲವಾದ್ದರಿಂದ ಸಂದಿಯಲ್ಲಿ ಬದುಕುಳಿದವು ನಾಲ್ಕೈದು ದಿನಗಳಲ್ಲಿ ಮತ್ತೆ ಗುಂಪು ಕಟ್ಟಿದವು. ಬೇವಿನೆಣ್ಣೆಯ ಕೆಲಸ ನಿಧಾನ: ಅದು ಕೀಟದ ಹಸಿವನ್ನು ಕುಗ್ಗಿಸಿ, ಮರಿಗಳು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ, ಫಲ ಕಾಣಲು ವಾರ ಹಿಡಿಯಿತು, ಆದರೆ ಆ ಮಡಿಯಲ್ಲಿ ಹೇನು ಮರಳಿ ಬಂದದ್ದು ಬಹಳ ಕಡಿಮೆ. ಬೇವಿನ ಸತ್ವ ಬಿಸಿಲಿಗೆ ಬೇಗ ಕ್ಷೀಣಿಸುವುದರಿಂದ ಸಂಜೆಯ ಹೊತ್ತೇ ಅದಕ್ಕೆ ತಕ್ಕದ್ದು. ಮೊಗ್ಗು ಬಣ್ಣ ತಿರುಗಿದ ಮೇಲೆ ಮಾತ್ರ ಎಣ್ಣೆಯನ್ನು ನಿಲ್ಲಿಸಬೇಕು, ಏಕೆಂದರೆ ದಳಗಳ ಮೇಲೆ ಕಲೆ ಉಳಿಯುತ್ತದೆ. ಪಾತ್ರೆ ತೊಳೆಯುವ ಪ್ರಖರವಾದ ದ್ರವವನ್ನು ಒಮ್ಮೆ ಬಳಸಿದಾಗ ಎಲೆಯಂಚುಗಳು ಸುಟ್ಟಂತಾದವು. ಮೃದುವಾದ ಸಾಬೂನನ್ನೇ ಆರಿಸಿಕೊಳ್ಳಿ. ನನ್ನ ತೀರ್ಪು ಇಷ್ಟು: ಹೇನು ಮುತ್ತಿಕೊಂಡಿದ್ದರೆ ಮೊದಲು ರಭಸದ ನೀರು ಮತ್ತು ಸಾಬೂನು, ಆಮೇಲೆ ವಾರಕ್ಕೊಮ್ಮೆ ಬೇವು. ಗುಲಗಂಜಿ ಹುಳುಗಳು ಬಂದು ಹೇನನ್ನು ತಿನ್ನಲಾರಂಭಿಸಿದ್ದರೆ ಎರಡನ್ನೂ ಬಿಟ್ಟು ಕಾಯುವುದು ಲೇಸು.

ಎಲೆ ಅಂಗಮಾರಿಯ ವಿಷಯದಲ್ಲಿ ನನ್ನ ನಿರೀಕ್ಷೆಯೇ ತಲೆಕೆಳಗಾಯಿತು. ಬೊಟ್ರೈಟಿಸ್ ಶಿಲೀಂಧ್ರದಿಂದ ಬರುವ ಈ ರೋಗ ಕೆಳಗಿನ ಎಲೆಗಳಲ್ಲಿ ಕಂದು ಬಣ್ಣದ ಅಂಡಾಕಾರದ ಚುಕ್ಕೆಗಳಾಗಿ ಆರಂಭವಾಗಿ, ಎಲೆ ಗಂಟೆಗಟ್ಟಲೆ ತೇವವಾಗಿದ್ದರೆ ಮೇಲಕ್ಕೇರುತ್ತದೆ. ಒಂದು ಮಡಿಗೆ ಎಂದಿನಂತೆ ಮೇಲಿನಿಂದಲೇ ನೀರೆರೆದು, ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಹತ್ತು ದಿನಕ್ಕೊಮ್ಮೆ ಸಿಂಪಡಿಸಿದೆ. ಇನ್ನೊಂದಕ್ಕೆ ಯಾವ ಔಷಧವನ್ನೂ ಹಾಕದೆ, ಬೆಳಿಗ್ಗೆ ಬುಡಕ್ಕೆ ಮಾತ್ರ ನೀರು ಕೊಟ್ಟು, ಗಿಡಗಳ ನಡುವೆ ಗಾಳಿಯಾಡುವಂತೆ ಮಾಡಿ, ಚುಕ್ಕೆಯಿದ್ದ ಎಲೆಗಳನ್ನು ಕಿತ್ತು ತೋಟದಿಂದ ಹೊರಗೆ ಸಾಗಿಸಿದೆ. ಹಂಗಾಮಿನ ಕೊನೆಗೆ ಹೆಚ್ಚು ಹಸಿರಾಗಿ ಉಳಿದದ್ದು ಈ ಎರಡನೆಯ ಮಡಿ. ತಾಮ್ರ ಆರೋಗ್ಯವಂತ ಎಲೆಗೆ ರಕ್ಷಾಕವಚವೇ ಹೊರತು ಈಗಾಗಲೇ ಮೂಡಿದ ಚುಕ್ಕೆಯನ್ನು ಗುಣಪಡಿಸುವುದಿಲ್ಲ. ದಿನವೂ ಎಲೆಯನ್ನು ತೋಯಿಸುತ್ತಿದ್ದರೆ ಆ ಕವಚವೂ ಸಾಲದು. ಮಳೆ ಬಿಡದೆ ಸುರಿಯುವ ದಿನಗಳಿಗೆ ಮೊದಲೇ ಒಮ್ಮೆ ಸಿಂಪಡಿಸುವುದರಲ್ಲಿ ಅರ್ಥವಿದೆ ಎಂಬುದನ್ನು ಮಾತ್ರ ನಾನು ಒಪ್ಪುತ್ತೇನೆ.

ಗೆಡ್ಡೆ ಕೊಳೆಗೆ ಸಂಬಂಧಿಸಿ ಸಮತಟ್ಟು ಮಡಿಗಿಂತ ಎತ್ತರಿಸಿದ ಮಡಿಯೇ ಸ್ಪಷ್ಟವಾಗಿ ಮೇಲು. ಲಿಲ್ಲಿಯ ಗೆಡ್ಡೆಗೆ ಈರುಳ್ಳಿಗಿರುವಂತಹ ಒಣ ಹೊರಸಿಪ್ಪೆ ಇಲ್ಲದಿರುವುದರಿಂದ ನಿಂತ ನೀರನ್ನು ಅದು ತಾಳುವುದಿಲ್ಲ.

ಮೊಸಾಯಿಕ್ ಎಂಬ ನಂಜುರೋಗಕ್ಕೆ (ವೈರಸ್ ರೋಗ) ಮಾತ್ರ ಹೋಲಿಸಲು ಎರಡು ದಾರಿಗಳಿಲ್ಲ. ಎಲೆಯಲ್ಲಿ ತಿಳಿಹಳದಿ ಪಟ್ಟೆಗಳೂ ಹೂವಿನಲ್ಲಿ ವಕ್ರತೆಯೂ ಕಂಡ ಎರಡು ಗಿಡಗಳನ್ನು, ಅವುಗಳಲ್ಲಿ ಒಂದು ನನಗೆ ಬಲು ಪ್ರಿಯವಾದ ಕಿತ್ತಳೆ ಬಣ್ಣದ್ದಾಗಿದ್ದರೂ, ಗೆಡ್ಡೆ ಸಮೇತ ಅಗೆದು ತೆಗೆದೆ. ಹೇನು ಕೆಲವು ಕ್ಷಣ ರಸ ಹೀರಿದರೂ ನಂಜು ಪಕ್ಕದ ಗಿಡಕ್ಕೆ ದಾಟಬಲ್ಲದು. ಸಿಂಪರಣೆ ಅಷ್ಟು ಬೇಗ ಹೇನನ್ನು ಕೊಲ್ಲಲಾರದು.